ಜರ್ಮನ್ ರೈತನ ಮಕ್ಕಳು, ನಮ್ಮ ಗೇಣಿ ಗದ್ದೆ

ಮಳೆಗಾಲ ಹತ್ತಿರ ಬಂತೆಂದರೆ ಬ್ರಹ್ಮಾವರದ ಸುತ್ತಿನ ಹಳೆ ಮನೆಗಳಲ್ಲಿ ಮಾಡು ಹತ್ತಿ ಹೆಂಚು ಕೈಯಾಡಿಸುವ ಕೆಲಸ ಈಗಲೂ ಇದೆ. ಒಡೆದದ್ದನ್ನು ತೆಗೆಯಬೇಕು, ಜಾರಿದ್ದನ್ನು ಸರಿಸಬೇಕು, ಗೆದ್ದಲು ತಿಂದ ರೀಪು ಬದಲಿಸಬೇಕು. ಕೆಳಗಿಳಿಸಿದ ಹೆಂಚನ್ನು ಅಂಗಳದ ಬದಿಯಲ್ಲಿ ಒರಗಿಸಿ ಇಟ್ಟಾಗ ಅದರ ಬೆನ್ನಿನ ಪಾಚಿಯನ್ನು ಹೆರೆದು ನೋಡಿದರೆ ಕೆಲವದರಲ್ಲಿ ಇಂಗ್ಲಿಷ್ ಅಕ್ಷರಗಳು ಏಳುತ್ತವೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್. ಜತೆಗೆ ಒಂದು ಇಸವಿ, 1865. ಇದನ್ನು ನೋಡಿ ‘ನಮ್ಮ ಮನೆ ಸಾವಿರದ ಎಂಟುನೂರ ಅರವತ್ತೈದರದ್ದು’ ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಅದು ಕಾರ್ಖಾನೆ ಶುರುವಾದ ವರ್ಷ. ಐವತ್ತು ವರ್ಷ ಬಿಟ್ಟು ಸುಟ್ಟ ಹೆಂಚಿನ ಮೇಲೂ ಅದೇ ಇಸವಿ ಇತ್ತು. ಹೇಳಿದರೆ ಮನೆಯವರಿಗೆ ಬೇಸರವಾಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಆ ಹೆಂಚು ಮಾಡಿಸಿದ ಜರ್ಮನ್ನರನ್ನು ನಾವು ಪಾದ್ರಿಗಳೆಂದೋ, ನಿಘಂಟು ಬರೆದವರೆಂದೋ, ಅಚ್ಚುಕೂಟದವರೆಂದೋ ನೆನೆಯುತ್ತೇವೆ. ಅವರಲ್ಲಿ ಬಹಳಷ್ಟು ಜನ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಾಗಿದ್ದರು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅವರು ಕನ್ನಡ ನೆಲದಲ್ಲಿ ಮೊದಲು ಕಟ್ಟಲು ಹೊರಟ ಬದುಕುಗಳಲ್ಲಿ ಬೇಸಾಯವೂ ಒಂದು. ಅದರಲ್ಲಿ ಅವರು ಸೋತರು. ನಮ್ಮ ಮಾಡಿನ ಮೇಲಿನ ಕೆಂಪು ಹೆಂಚಿನ ಹಿಂದೆ ಆ ಸೋಲೂ ಇದೆ ಎಂದು ನನಗೆ ಅನ್ನಿಸುತ್ತದೆ.

ಬಾಸೆಲ್ ಊರು ಸ್ವಿಟ್ಜರ್ಲೆಂಡಿನದು. ಮಿಷನ್ ಅಲ್ಲಿ 1815ರಲ್ಲಿ ಹುಟ್ಟಿತು. ಆದರೆ ತರಬೇತಿಗೆ ಬಂದ ಹುಡುಗರಲ್ಲಿ ಬಹುಪಾಲು ಪಕ್ಕದ ಜರ್ಮನ್ ರಾಜ್ಯ ವುರ್ಟೆಂಬರ್ಗಿನ ಹಳ್ಳಿಗಳವರು. ಅಲ್ಲಿ ಅಪ್ಪನ ಭೂಮಿಯನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವ ಪದ್ಧತಿ. ನ್ಯಾಯವೇನೋ ಸರಿ, ಎರಡು ತಲೆಮಾರು ಕಳೆಯುವಷ್ಟರಲ್ಲಿ ಹೊಲ ಒಂದೊಂದು ಪಟ್ಟಿಯಾಗಿ, ನೇಗಿಲು ತಿರುಗಿಸಲು ಜಾಗವಿಲ್ಲದಂತಾಗುತ್ತಿತ್ತು. ಮೇಲಿಂದ 1816ರ ಬರಗಾಲ. ಅದರ ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಮತ್ತು ಗಂಧಕ ಆಕಾಶಕ್ಕೇರಿ, ಯುರೋಪಿನಲ್ಲಿ 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಧಾನ್ಯ ಹೊಲದಲ್ಲೇ ಕೊಳೆಯಿತು. ವುರ್ಟೆಂಬರ್ಗಿನ ಜನ ಗುಂಪುಗುಂಪಾಗಿ ಅಮೆರಿಕಕ್ಕೂ ರಷ್ಯಕ್ಕೂ ಹೊರಟರು. ಅಲ್ಲಿನ ರಾಜ 1818ರಲ್ಲಿ ಹೋಹೆನ್‌ಹೈಮ್‌ನಲ್ಲಿ ಕೃಷಿ ವಿದ್ಯಾಲಯ ತೆರೆದದ್ದು, ಕಾನ್‌ಷ್ಟಾಟ್‌ನಲ್ಲಿ ಕೃಷಿಮೇಳ ಶುರುಮಾಡಿದ್ದು ಈ ಹಸಿವಿನ ಬೆನ್ನಿಗೇ. ಮಿಷನ್ನಿಗೆ ಸೇರಿದ ಹುಡುಗರು ಆ ಹಸಿವನ್ನು ಕಂಡ ಇಲ್ಲವೇ ಅದರ ಕತೆ ಕೇಳುತ್ತ ಬೆಳೆದ ಮನೆಗಳಿಂದ ಬಂದವರು. ದೇವರ ಕೆಲಸದ ಹಂಬಲ ಇತ್ತು, ಅನುಮಾನ ಬೇಡ. ಊರಲ್ಲಿ ಪಾಲಿಗೆ ಬರುವ ಭೂಮಿ ಇರಲಿಲ್ಲ ಎಂಬುದೂ ಅಷ್ಟೇ ನಿಜ.

1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ಬದಲಾಗಿ, ಇಂಗ್ಲಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಕಣ್ಣಿಗೆ ಬಿದ್ದದ್ದು ಹಸಿರೇ ಹಸಿರು. ಇಷ್ಟು ನೀರು, ಇಷ್ಟು ಬಿಸಿಲು ಇರುವ ನೆಲದಲ್ಲಿ ರೈತನ ಮಗನಿಗೆ ಏನು ಅಸಾಧ್ಯ ಅನ್ನಿಸಿರಬೇಕು!

ಈ ಹಸಿರಿನ ಒಳಗಿನ ಲೆಕ್ಕ ಬೇರೆ. ನಮ್ಮ ಬ್ರಹ್ಮಾವರ ಕಡೆಯ ಗದ್ದೆಯನ್ನೇ ನೋಡಿ. ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ನೀರು ನಿಲ್ಲುವ ಬೈಲಿನಲ್ಲಿ ಕಾರ್ತಿ, ಸುಗ್ಗಿ, ಕೊಳ್ಕೆ ಎಂದು ಮೂರು ಬೆಳೆಯವರೆಗೂ ತೆಗೆಯಬಹುದು. ಬೆಟ್ಟುಗದ್ದೆ ಮಳೆಯ ಒಂದೇ ಬೆಳೆಗೆ ಸುಸ್ತಾಗುತ್ತದೆ. ಗದ್ದೆಗೆ ಸೊಪ್ಪು, ತರಗೆಲೆ, ಸುಡುಮಣ್ಣು ಬೇಕು, ಅದಕ್ಕೆ ಮೇಲಿನ ಹಾಡಿ ಬೇಕು, ಹಟ್ಟಿ ತುಂಬ ದನ ಬೇಕು. ಗುಡ್ಡದ ಮೇಲ್ಭಾಗ ಮುರಕಲ್ಲು, ಎರಡಡಿ ಅಗೆದರೆ ಹಾರೆಗೆ ಕಿಡಿ ಹಾರುತ್ತದೆ. ಇಷ್ಟನ್ನು ಕಲಿಯುವುದು ಬುದ್ಧಿವಂತ ರೈತನಿಗೆ ಕಷ್ಟವಲ್ಲ, ಕೆಲವು ಮಳೆಗಾಲ ಸಾಕು.

ಕಲಿತರೂ ಕೈಗೆ ಬಾರದ್ದು ಗದ್ದೆಯ ಹಕ್ಕು. ಒಂದು ಗದ್ದೆಗೆ ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರ ಇರುತ್ತಿದ್ದ, ಅವನ ಕೆಳಗೆ ತಲೆತಲಾಂತರದ ಮೂಲಗೇಣಿದಾರ, ಅವನ ಕೆಳಗೆ ಇಂದು ಇದ್ದು ನಾಳೆ ಬಿಡಿಸಬಹುದಾದ ಚಾಲಗೇಣಿದಾರ, ಎಲ್ಲಕ್ಕಿಂತ ಕೆಳಗೆ ಮಣ್ಣಿನ ಜತೆಗೇ ಲೆಕ್ಕಕ್ಕೆ ಬರುತ್ತಿದ್ದ ಮೂಲದಾಳು. ಗೇಣಿ ಅಕ್ಕಿಮುಡಿಯ ಲೆಕ್ಕದಲ್ಲಿ ಧಣಿಯ ಮನೆಯ ಚಾವಡಿಗೆ ಹೋಗಬೇಕು. ಅಳಿಯಕಟ್ಟಿನ ಕುಟುಂಬಗಳಲ್ಲಂತೂ ಆಸ್ತಿಯನ್ನು ಪಾಲು ಮಾಡುವಂತೆಯೇ ಇರಲಿಲ್ಲ. ಪಾಲು ಕೇಳುವ ಹಕ್ಕು ಕಾನೂನಿನಲ್ಲಿ ಸಿಕ್ಕಿದ್ದು 1949ರಲ್ಲಿ. ಎಲ್ಲರಿಗೂ ಸಮಪಾಲು ಎಂದು ಹೊಲವನ್ನು ಚೂರು ಮಾಡಿಕೊಂಡ ನಾಡಿನಿಂದ ಬಂದವರು, ಚೂರು ಮಾಡಲು ಬಿಡದ ನಾಡಿಗೆ ಬಂದು ಸಿಕ್ಕಿಕೊಂಡಿದ್ದರು.

ಕ್ರೈಸ್ತನಾದವನಿಗೆ ಈ ಗೇಣಿಯಿಂದಲೇ ಮೊದಲ ಪೆಟ್ಟು. ಕರಾವಳಿಯಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಮೂರ್ತೆ ಕೆಲಸ ಅವರ ಕುಲಕಸುಬುಗಳಲ್ಲಿ ಒಂದು. ಕಳ್ಳು ಇಳಿಸುವುದು ಪಾಪವೆಂದು ಮಿಷನ್ ಅದನ್ನು ಬಿಡಿಸಿತು, ಇತ್ತ ಧಣಿ ಗೇಣಿ ಬಿಡಿಸಿದ, ಕುಟುಂಬ ಹೊರಗೆ ಹಾಕಿತು. ಜಾತಿ ಬಿಟ್ಟವನ ಆಸ್ತಿಹಕ್ಕು ಹೋಗಬಾರದೆಂದು 1850ರಲ್ಲಿ ಕಾಯ್ದೆ ಬಂತು. ಊರಿನ ಚಾವಡಿಯಲ್ಲಿ ಕಾಯ್ದೆ ಓದಿ ಹೇಳುವವರು ಯಾರು? ಮನೆಮಂದಿಯೊಂದಿಗೆ ಮಿಷನ್ ಬಂಗಲೆಯ ಮೆಟ್ಟಿಲಲ್ಲಿ ಬಂದು ಕೂತವರಿಗೆ ಗಂಜಿಗೆ ದಾರಿ ತೋರಿಸುವುದು ಜರ್ಮನ್ನರ ತಲೆಗೇ ಬಿತ್ತು. ರೈತನ ಮಗನಿಗೆ ಹೊಳೆಯುವ ದಾರಿ ಒಂದೇ: ಭೂಮಿ ಹಿಡಿಯೋಣ, ಕ್ರೈಸ್ತರ ಹಳ್ಳಿ ಕಟ್ಟೋಣ, ಉತ್ತು ತಿನ್ನೋಣ.

ಇಂಥ ಒಂದು ಪ್ರಯತ್ನ ಘಟ್ಟದ ಮೇಲೆ ನಡೆಯಿತು. 1841ರಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸಾಹತು ಕಟ್ಟಲು ಹೊರಟರು. ಹುಬ್ಬಳ್ಳಿ ಕಡೆಯ ಕಾಲಜ್ಞಾನದ ಅನುಯಾಯಿಗಳು ಕೆಲವರು ಮಿಷನರಿಗಳ ಬಳಿ ಬಂದುಹೋಗುತ್ತಿದ್ದರು. ಇವರೆಲ್ಲ ಒಟ್ಟಾಗಿ ಕ್ರೈಸ್ತರಾಗಿ ಬಂದು ನೆಲೆಸುತ್ತಾರೆ, ಎರೆಭೂಮಿಯಲ್ಲಿ ಮಾದರಿ ಗ್ರಾಮ ಏಳುತ್ತದೆ ಎಂಬ ಲೆಕ್ಕಾಚಾರ. ಬರಬೇಕಾದವರು ಬರಲಿಲ್ಲ. ಕಾಲಜ್ಞಾನ ಹೇಳುವವರು ತಮ್ಮ ಭವಿಷ್ಯವನ್ನು ಜರ್ಮನ್ನರ ಕೈಗೆ ಕೊಡಲು ತಯಾರಿರಲಿಲ್ಲ. ಹಳ್ಳಿಯ ನಕ್ಷೆ ಇತ್ತು, ಹಳ್ಳಿಗರು ಇರಲಿಲ್ಲ.

ಇನ್ನೊಂದು ಪ್ರಯತ್ನದ್ದು ನಿಜವಾದ ಸಂಸಾರದ ಕತೆ. ಹರ್ಮನ್ ಮೊಗ್ಲಿಂಗ್ ಎಂದರೆ ನಮಗೆ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದವರು, ಕನ್ನಡದ ಮೊದಲ ಪತ್ರಿಕೆಯ ಸಂಪಾದಕರು. 1811ರಲ್ಲಿ ವುರ್ಟೆಂಬರ್ಗಿನ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ಧರ್ಮಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದವರು. ಮಿಷನ್ನಿನ ಉಳಿದ ಹುಡುಗರಂತೆ ಇವರು ಹೊಲದಿಂದ ಬಂದವರಲ್ಲ, ಪುಸ್ತಕದ ಮನುಷ್ಯ. ಹದಿನೈದು ವರ್ಷಕ್ಕೂ ಮಿಕ್ಕಿ ದುಡಿದು, ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬ ಸನ್ಯಾಸಿ ಬಂದು ಕ್ರೈಸ್ತನಾಗುವೆನೆಂದರು. ಅವರ ಬೆನ್ನಿಗೆ ಮೊಗ್ಲಿಂಗ್ 1853ರಲ್ಲಿ ಘಟ್ಟ ಹತ್ತಿದರು.

ಕೊಡಗು ಕಂಪೆನಿ ಸರಕಾರಕ್ಕೆ ಸೇರಿ ಆಗಿನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದರು. ಕಾಡು ಕಡಿದು ಕಾಫಿ ಹಾಕುವ ಅಬ್ಬರದ ಕಾಲ. ಅಲ್ಲಿನ ದಲಿತರು ಭೂಮಾಲೀಕರ ಜೀತದಲ್ಲಿದ್ದರು. ಗುಲಾಮಗಿರಿಗೆ ಕಾನೂನಿನ ಬಲ ಇಲ್ಲವೆಂದು 1843ರಲ್ಲಿ ಕಾಯ್ದೆ ಆಗಿತ್ತು, ಜೀತ ಹಾಗೇ ಇತ್ತು. ಅವರಲ್ಲಿ ಕೆಲವು ಕುಟುಂಬಗಳು ಮೊಗ್ಲಿಂಗ್ ಬಳಿಗೆ ಬಂದು ನೆಲೆ ಕೇಳಿದವು. 1850ರ ದಶಕದ ಕೊನೆಯಲ್ಲಿ ಅಮ್ಮತ್ತಿ, ಸಿದ್ದಾಪುರ ಕಡೆಯ ಕಾಡಿನಲ್ಲಿ ಅವರಿಗಾಗಿ ಎದ್ದ ಹಳ್ಳಿ ಆನಂದಪುರ. ಇದ್ದ ಊರಿನ ಗದ್ದೆಯಲ್ಲಿ ಪಾಲು ಕೇಳದೆ, ಯಾರ ಗೇಣಿಗೂ ಒಳಪಡದ ಕಾಡುನೆಲ ಹಿಡಿದದ್ದು ಇಲ್ಲಿನ ಜಾಣತನ. ಪುಸ್ತಕದ ಮನುಷ್ಯನಿಗೆ ಈಗ ಮರ ಕಡಿಸುವ, ಗುಡಿಸಲು ಕಟ್ಟಿಸುವ, ಕಾಫಿ ಗಿಡ ನೆಡಿಸುವ, ಕೂಲಿಯ ಲೆಕ್ಕ ಬರೆಯುವ ಕೆಲಸ.

ಹೆಂಡತಿ ಪೌಲೀನ ಅವರೊಂದಿಗೆ ಇದ್ದರು. ಪೌಲೀನರ ಮೊದಲ ಗಂಡ ಗಾಟ್‌ಫ್ರೀಡ್ ವೈಗ್ಲೆ, ಮೊಗ್ಲಿಂಗರ ಸಂಬಂಧಿ, ಕನ್ನಡ ಬೈಬಲ್ ಅನುವಾದಕ್ಕೆ ದುಡಿದವರು. ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಮಕ್ಕಳೊಂದಿಗಿದ್ದ ಪೌಲೀನರನ್ನು ಮೊಗ್ಲಿಂಗ್ ಮದುವೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. ಹರಿದಾಸರ ಪದ, ಜೈಮಿನಿ ಭಾರತ, ಬಸವಪುರಾಣಗಳನ್ನು ಅಚ್ಚು ಮಾಡಿಸಿದ ವಿದ್ವಾಂಸರಿಗೆ ಆ ಸುದ್ದಿ ಮುಟ್ಟುವ ಹೊತ್ತಿಗೆ ಅವರ ವಾಸ ಕೊಡಗಿನ ಕಾಡಿನಲ್ಲಿ. ಎರಡೇ ವರ್ಷದಲ್ಲಿ, 1860ರಲ್ಲಿ, ಪೌಲೀನರ ಆರೋಗ್ಯ ಕೆಟ್ಟು ದಂಪತಿ ಜರ್ಮನಿಗೆ ಮರಳಿದರು. ಮೊಗ್ಲಿಂಗ್ ಮತ್ತೆ ಭಾರತಕ್ಕೆ ಬರಲಿಲ್ಲ. ಕನ್ನಡ ನಿಘಂಟಿನ ಕಿಟೆಲ್ ಅವರಿಗೆ ಅಲ್ಲಿಂದಲೇ ಬೆಂಬಲವಾಗಿ ನಿಂತು, 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ಅವರು ಮರಳಿದ ವರ್ಷವೇ ಇನ್ನೊಂದು ಮದುವೆ ನಡೆಯಿತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಗುರುವಿನ ಹೆಸರು ಸೇರಿಸಿಕೊಂಡು ಹರ್ಮನ್ ಆನಂದರಾವ್ ಆಗಿ, ಬಾಸೆಲ್‌ನಲ್ಲಿ ಓದಿ 1851ರಲ್ಲಿ ದೀಕ್ಷೆ ಪಡೆದು ಬಂದಿದ್ದರು. ಮೊದಲ ಹೆಂಡತಿ ಲಕ್ಷ್ಮಿ ತೀರಿಹೋದ ಮೇಲೆ 1860ರಲ್ಲಿ ಅವರ ಕೈಹಿಡಿದವರು ವುರ್ಟೆಂಬರ್ಗಿನ ಶೋರ್ನ್‌ಬಾಖ್ ಹಳ್ಳಿಯ ಮರೀ ರೈನ್‌ಹಾರ್ಟ್. ಆನಂದಪುರದ, ಅದರ ಕಾಫಿ ತೋಟದ ಹೊಣೆ ಮುಂದೆ ಈ ಸಂಸಾರದ ಹೆಗಲಿಗೂ ಬಂತು. ಜರ್ಮನಿಯ ಹಳ್ಳಿಯ ಹೆಣ್ಣು ನೂರ ಅರವತ್ತು ವರ್ಷದ ಹಿಂದೆ ಕೌಂಡಿನ್ಯರ ಮನೆಯ ಸೊಸೆಯಾಗಿ ಬಂದಳು! ಜರ್ಮನ್ನರ ಚರಿತ್ರೆ ಬರೆಯುವವರು ನಿಘಂಟಿನ ಪುಟ ಎಣಿಸುವುದರಲ್ಲಿ ಈ ಹೆಂಗಸಿಗೆ ಒಂದು ಸಾಲೂ ಕೊಡದೆ ಮುಂದೆ ಹೋಗುತ್ತಾರೆ.

ಈ ಮದುವೆಗಳ ರೀತಿಯೇ ಬೇರೆ. ಮಿಷನರಿ ತನ್ನಷ್ಟಕ್ಕೆ ಮದುವೆಯಾಗುವಂತಿರಲಿಲ್ಲ, ಬಾಸೆಲ್‌ನ ಕಮಿಟಿಯ ಅನುಮತಿ ಬೇಕು. ಹುಡುಗಿಯನ್ನು ಹುಡುಕುವುದರಲ್ಲೂ ಕಮಿಟಿಯ ಕೈ ಇರುತ್ತಿತ್ತು. ಒಪ್ಪಿದ ಹುಡುಗಿ, ಎಷ್ಟೋ ಸಲ ಗಂಡಿನ ಮುಖವನ್ನೂ ನೋಡದೆ, ಹಡಗು ಹತ್ತಿ ಬರುತ್ತಿದ್ದಳು. ಜಾತಕ ನೋಡುತ್ತಿರಲಿಲ್ಲ ಎನ್ನುವುದೊಂದು ಬಿಟ್ಟರೆ ನಮ್ಮ ಅಜ್ಜಿಯಂದಿರ ಮದುವೆಗೂ ಇದಕ್ಕೂ ದೂರವೇನಿಲ್ಲ. ಬಂದ ಮೇಲೆ ಜ್ವರ, ಬಸಿರು, ಬಾಣಂತನ, ಹೆಣ್ಣುಮಕ್ಕಳ ಶಾಲೆ, ಹೊಲಿಗೆ ಪಾಠ. ಕಿಟೆಲ್ ಅವರ ಮೊದಲ ಹೆಂಡತಿ ಪೌಲೀನ ಮದುವೆಯಾಗಿ ನಾಲ್ಕೇ ವರ್ಷಕ್ಕೆ 1864ರಲ್ಲಿ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಯೂಲಿಯನ್ನೇ ಕಿಟೆಲ್ ಮದುವೆಯಾದರು.

ಮಕ್ಕಳದ್ದು ಇನ್ನೂ ಕಷ್ಟದ ಸಂಗತಿ. ಇಲ್ಲಿ ಹುಟ್ಟಿದ ಮಗುವನ್ನು ಆರು ವರ್ಷ ತುಂಬುವುದರೊಳಗೆ ಯುರೋಪಿಗೆ ಕಳಿಸಬೇಕೆಂದು 1853ರಲ್ಲಿ ಮಿಷನ್ ನಿಯಮವನ್ನೇ ಮಾಡಿತು. ಬಾಸೆಲ್‌ನಲ್ಲಿ ಅದಕ್ಕಾಗಿ ಮಕ್ಕಳ ಮನೆ ಇತ್ತು. ಆಯಾಳ ಜತೆ ಕನ್ನಡವನ್ನೋ ತುಳುವನ್ನೋ ಮಲಯಾಳವನ್ನೋ ಆಡುತ್ತ ಬೆಳೆದ ಕೂಸು ಊರಿಗೆ ಹೊರಟ ಯಾರದೋ ಜತೆಯಲ್ಲಿ ಹಡಗು ಹತ್ತುತ್ತಿತ್ತು. ಅಪ್ಪ ಅಮ್ಮ ಮತ್ತೆ ಸಿಗುವುದು ಹತ್ತು ವರ್ಷದ ಮೇಲೋ, ಇನ್ನೂ ತಡವಾಗಿಯೋ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮರೀ ಗುಂಡರ್ಟ್, ಮಲಯಾಳ ನಿಘಂಟು ಬರೆದ ಹರ್ಮನ್ ಗುಂಡರ್ಟರ ಮಗಳು, ಹಾಗೆ ಎಳೆವೆಯಲ್ಲೇ ಯುರೋಪಿನಲ್ಲಿ ಬಿಟ್ಟ ಮಗು. ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಮುಂದೆ ಆಕೆಯ ಎರಡನೆಯ ಮದುವೆಯಲ್ಲಿ ಹುಟ್ಟಿದ ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ಆ ಹುಡುಗನ ತಂದೆ ಯೋಹಾನ್ ಹೆಸ್ಸೆ ಕೂಡ ನಮ್ಮ ಕರಾವಳಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಆರೋಗ್ಯ ಕೆಟ್ಟು ಮರಳಿದವರು. ರೈತನ ಮನೆಯಲ್ಲಿ ಮಕ್ಕಳೆಂದರೆ ಕೈ ಹೆಚ್ಚಾಯಿತೆಂದು ಲೆಕ್ಕ: ದನ ಮೇಯಿಸಲು, ನೇಜಿ ಹೊರಲು, ಹಕ್ಕಿ ಓಡಿಸಲು. ಆರು ವರ್ಷಕ್ಕೆ ಮಕ್ಕಳನ್ನು ಕಳಿಸಿಬಿಡುವ ಸಂಸಾರ ಒಂದು ನೆಲದಲ್ಲಿ ಎರಡನೇ ತಲೆಮಾರಿಗೆ ಬೇರು ಬಿಡುವುದು ಹೇಗೆ? ಜರ್ಮನ್ನರು ಇಲ್ಲಿ ರೈತರಾಗದಿರಲು ಗೇಣಿ ಒಂದು ಕಾರಣವಾದರೆ, ಅಷ್ಟೇ ದೊಡ್ಡ ಇನ್ನೊಂದು ಕಾರಣ ಇದು.

ಕಾಫಿಯೂ ಕೈಹಿಡಿಯಲಿಲ್ಲ. 1860ರ ದಶಕದ ಮಧ್ಯದಲ್ಲಿ ಕೊಡಗಿನ ತೋಟಗಳಿಗೆ ಕಾಂಡಕೊರಕ ಬಂತು. ಮರಿಹುಳು ಕಾಂಡದೊಳಗೆ ಸುರಂಗ ಕೊರೆದು ಕೂತರೆ ಹೊರಗಿಂದ ಗೊತ್ತಾಗುವುದಿಲ್ಲ, ಎಲೆ ಹಳದಿಯಾಗುವ ಹೊತ್ತಿಗೆ ಗಿಡ ಮುಗಿದಿರುತ್ತದೆ. ಮದರಾಸು ಸರಕಾರ ಡಾಕ್ಟರ್ ಬಿಡಿ ಎಂಬವರನ್ನು ಕಳಿಸಿ ವರದಿ ಬರೆಸಬೇಕಾದಷ್ಟು ನಷ್ಟ ಆಗಿತ್ತು. ನೆರಳಿನ ಮರ ಕಡಿದು ಬಿಸಿಲಿಗೆ ಕಾಫಿ ಒಡ್ಡಿದ್ದೇ ತಪ್ಪು ಎಂದು ಆಮೇಲೆ ತಿಳಿಯಿತು. ಅದರ ಹಿಂದೆಯೇ ಎಲೆತುಕ್ಕು ರೋಗ. ದೊಡ್ಡ ಬಂಡವಾಳದ ಪ್ಲಾಂಟರುಗಳೇ ಸೋತ ಕಾಲದಲ್ಲಿ ಬಡವರ ಹಳ್ಳಿಯ ತೋಟ ಕ್ರೈಸ್ತ ಸಭೆಯನ್ನು ಸಾಕೀತೆಂದು ನಂಬುವುದು ಕಷ್ಟವಿತ್ತು. ಆದರೂ ಆನಂದಪುರ ಅಳಿಯಲಿಲ್ಲ. ಹಳ್ಳಿ ಈಗಲೂ ಇದೆ.

ಕೆಳಗೆ ಕರಾವಳಿಯಲ್ಲಿ ಬಡಗಿ ಕೆಲಸ, ಗಡಿಯಾರದ ಕೆಲಸ, ಪುಸ್ತಕ ಕಟ್ಟುವ ಕೆಲಸ ಎಂದು ಏನೇನೋ ನೋಡಿಯಾಗಿತ್ತು. ನೇಯ್ಗೆ ಮಾತ್ರ ಹಿಡಿಯಿತು. ಬಲ್ಮಠದ ಮಗ್ಗದಲ್ಲಿ ಹಾಲರ್ ಎಂಬವರು ಖಾಕಿ ಬಣ್ಣ ಹದ ಮಾಡಿದರೆಂಬ ಮಾತು ಮಂಗಳೂರಿನಲ್ಲಿ ಇನ್ನೂ ಓಡಾಡುತ್ತದೆ. ಅಷ್ಟರಲ್ಲಿ ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಗಾರನ ಕಣ್ಣು ನೇತ್ರಾವತಿ ದಂಡೆಯ ಜೇಡಿಮಣ್ಣಿನ ಮೇಲೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಕೆಲಸ ಶುರು. ಇಬ್ಬರು ಆಳು, ಒಂದು ಜತೆ ಎತ್ತು, ದಿನಕ್ಕೆ 360 ಹೆಂಚು. ಎತ್ತು ಸುತ್ತು ಹಾಕಿ ಮಣ್ಣು ಅರೆಯಬೇಕು. ಅರೆದ ಮಣ್ಣನ್ನು ಹಲಗೆಯಷ್ಟು ದಪ್ಪಕ್ಕೆ ಕತ್ತರಿಸಿ ಅಚ್ಚಿನಲ್ಲಿಟ್ಟು ಒತ್ತಬೇಕು. ನೆರಳಲ್ಲಿ ಒಣಗಿಸಿ ಆವಿಗೆಯಲ್ಲಿ ಸುಡಬೇಕು. ಒಂದರ ಅಂಚಿಗೆ ಇನ್ನೊಂದರ ಅಂಚು ಕೂರುವ ಆ ಮಾದರಿ ಆಲ್ಸಾಸ್ ಪ್ರಾಂತ್ಯದ ಗಿಲಾರ್ದೋನಿ ಸೋದರರು 1841ರಲ್ಲಿ ಪೇಟೆಂಟ್ ಪಡೆದದ್ದರ ಬಳಗ.

ನಮ್ಮಲ್ಲಿ ಅದುವರೆಗೆ ಮಾಡಿಗೆ ಮುಳಿಹುಲ್ಲು, ಸೋಗೆ, ತೆಂಗಿನ ಮಡಲು. ಪ್ರತಿ ವರ್ಷ ಹೊಸತು ಹೊದೆಸಬೇಕು, ಒಂದು ಕಿಡಿ ಬಿದ್ದರೆ ಕೇರಿಯೇ ಭಸ್ಮ. ಹೆಂಚಿಗೆ ಬೇಡಿಕೆ ಬಾರದೆ ಇರುತ್ತದೆಯೇ? ಜೆಪ್ಪುವಿನ ಬೆನ್ನಿಗೆ ಕಲ್ಲಿಕೋಟೆ, ಕುದ್ರೋಳಿ, 1886ರ ಹೊತ್ತಿಗೆ ನಮ್ಮ ಮಲ್ಪೆ. ಮಲ್ಪೆಯಲ್ಲಿ ಸುಟ್ಟ ಹೆಂಚು ದೋಣಿ ಹತ್ತಿ ಹೊಳೆಬಾಗಿಲಿನಿಂದ ಒಳಕ್ಕೆ ಬರುವುದು ಸುಲಭ. ಮುಂದೆ ಕುಂದಾಪುರದ ಸುತ್ತ ಹೊಳೆ ಬದಿಯಲ್ಲಿ ಊರವರದೇ ಹೆಂಚಿನ ಕಾರ್ಖಾನೆಗಳು ಎದ್ದವು. ಗೇಣಿ ಬಿಡಿಸಿಕೊಂಡವನಿಗೆ ಕಾರ್ಖಾನೆಯಲ್ಲಿ ಧಣಿಯ ಹಂಗಿಲ್ಲ. ಶನಿವಾರ ಕೂಲಿ ಕೈಗೆ ಬರುತ್ತದೆ. ಗಂಟೆ ಹೊಡೆದಾಗ ಒಳಗೆ ಹೋಗಬೇಕು, ಗಂಟೆ ಹೊಡೆದಾಗ ಹೊರಗೆ ಬರಬೇಕು ಎಂಬ ಹೊಸ ಹಂಗು ಬಂತು ಎನ್ನಿ. ಗದ್ದೆಯಲ್ಲಿ ಕೊಡಲಾಗದ್ದನ್ನು ಜರ್ಮನ್ನರು ಗದ್ದೆಯಡಿಯ ಮಣ್ಣಿನಿಂದ ಕೊಟ್ಟರು.

ಹಾಗಂತ ನೆಲವೇ ಯಾವ ಜರ್ಮನ್ನನಿಗೂ ಒಲಿಯಲಿಲ್ಲವೆಂದಲ್ಲ. ಡ್ರೆಸ್ಡನ್ ಬಳಿಯ ಲೋಮನ್‌ನಲ್ಲಿ 1865ರಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಬೆಂಗಳೂರಿನ ರಸ್ತೆಗಳಲ್ಲಿ ಒಂದರ ಹಿಂದೊಂದು ಹೂಬಿಡುವಂತೆ ಮರ ನೆಡಿಸಿದವರು. ಹೆಂಡತಿ ಕ್ಲಾರಾ, ಮಗಳು ಹಿಲ್ಡಾ ಜತೆ ಇಲ್ಲೇ ಸಂಸಾರ. ಯುದ್ಧದ ಕಾಲದಲ್ಲಿ ಬ್ರಿಟಿಷರ ಕಣ್ಣಿಗೆ ಶತ್ರುದೇಶದವರಾದರೂ ನೆಲ ಬಿಡದೆ, 1956ರಲ್ಲಿ ಬೆಂಗಳೂರಿನಲ್ಲೇ ತೀರಿ, ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾದರು. ಅವರಿಗಿದ್ದ ಒಂದು ಅನುಕೂಲ ಮೊಗ್ಲಿಂಗರಿಗೆ ಇರಲಿಲ್ಲ: ಭೂಮಿ ಮಹಾರಾಜರದ್ದು, ಆಳು ಸರಕಾರದವರು, ಗೇಣಿಯ ಮಾತೇ ಇಲ್ಲ.

ಕರಾವಳಿಯ ಜರ್ಮನ್ ಸಂಸಾರಗಳಿಗೆ ಅಷ್ಟು ಋಣ ಇರಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಗಂಡಸರನ್ನು ಅಹ್ಮದ್‌ನಗರದ ಶಿಬಿರಕ್ಕೂ, ಹೆಂಗಸರು ಮಕ್ಕಳನ್ನು ಬೆಳಗಾವಿಗೂ ಒಯ್ದರು. 1915–16ರಲ್ಲಿ ‘ಗೋಲ್ಕೊಂಡಾ’ ಹಡಗಿನಲ್ಲಿ ಊರಿಗೆ ಅಟ್ಟಿದರು. ಹೆಂಚಿನ ಕಾರ್ಖಾನೆಗಳು, ಮಗ್ಗಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಯುದ್ಧ ಮುಗಿದ ಮೇಲೆ ಮಿಷನರಿಗಳು ಮರಳಿ ಬಂದರು. ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. ಎರಡನೇ ಯುದ್ಧದಲ್ಲಿ ಮತ್ತೆ ಜರ್ಮನ್ ಗಂಡಸರಿಗೆ ಡೆಹ್ರಾಡೂನಿನ ಮುಳ್ಳುತಂತಿ.

ಗದ್ದೆಯ ಪ್ರಶ್ನೆ ಮಾತ್ರ ಅವರೆಲ್ಲ ಹೋದ ಮೇಲೂ ಹಾಗೇ ಉಳಿಯಿತು. ಅದಕ್ಕೆ ಉತ್ತರ ಬಂದದ್ದು ಬೆಂಗಳೂರಿನ ವಿಧಾನಸೌಧದಿಂದ, ದೇವರಾಜ ಅರಸರ ಸರಕಾರದ ತಿದ್ದುಪಡಿ ಕಾಯ್ದೆಯಾಗಿ. 1974ರ ಮಾರ್ಚ್ 1ರಿಂದ ಗೇಣಿ ರದ್ದು. ಬ್ರಹ್ಮಾವರ, ಬಾರ್ಕೂರು, ಕೋಟ ಕಡೆಯ ಗೇಣಿದಾರರು ಡಿಕ್ಲರೇಶನ್ ಹಾಕಲು ಸಾಲುಗಟ್ಟಿದರು. ಬಂಟರು, ಬಿಲ್ಲವರು, ಮೊಗವೀರರು, ಅದೇ ಸಾಲಿನಲ್ಲಿ ಗೇಣಿ ಮಾಡುತ್ತಿದ್ದ ಕ್ರೈಸ್ತರೂ. ಎಷ್ಟೋ ಧಣಿಗಳ ಮನೆಯ ಚಾವಡಿಗೆ ಆ ವರ್ಷ ಅಕ್ಕಿಮುಡಿ ಹೋಗಲಿಲ್ಲ.